ಬೆಲೆ ಬಿದ್ದರೆ ಡೆವಲಪರ್‌ಗಳು ಬಾಯಿ ಮುಚ್ಚಬೇಕಾ?

ಪ್ರಶ್ನೆ (ಡೆವಲಪರ್, ಕೊಟ್ಟಾರ, ಮಂಗಳೂರು):
ಮೇಡಂ, ನಮ್ಮದು ಸಣ್ಣ ಟೀಮ್. ಓಪನ್ ಸೋರ್ಸ್ ಬ್ಲಾಕ್‌ಚೈನ್ ಪ್ರಾಜೆಕ್ಟ್, ಅದರ ಟೋಕನ್ (ಕ್ರಿಪ್ಟೋ ನಾಣ್ಯ) ಈಗಾಗಲೇ ಎಕ್ಸ್‌ಚೇಂಜ್‌ನಲ್ಲಿ ಮಾರಾಟಕ್ಕಿದೆ. ಕೋಡ್ ಗಿಟ್‌ಹಬ್‌ನಲ್ಲಿ, ಚರ್ಚೆ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ, ಎಲ್ಲ ಬಹಿರಂಗ. ಮೊನ್ನೆ ನಮ್ಮ ಹುಡುಗನೊಬ್ಬ "ಸ್ಟೇಕಿಂಗ್ (ಟೋಕನ್ ಒತ್ತೆ ಇಟ್ಟು ಪ್ರತಿಫಲ ಪಡೆಯುವ) ಭಾಗ ಪೂರ್ತಿ ಹೊಸದಾಗಿ ಬರೆಯಬೇಕು, ದೀಪಾವಳಿಗೆ ಆಗುವ ಹಾಗೆ ಕಾಣುವುದಿಲ್ಲ" ಎಂದು ಡಿಸ್ಕಾರ್ಡ್‌ನಲ್ಲಿ ಹಾಕಿದ. ಸಂಜೆಯೊಳಗೆ ಬೆಲೆ ಬಿತ್ತು. ದೊಡ್ಡ ಹೂಡಿಕೆದಾರರೊಬ್ಬರು ಫೋನ್ ಮಾಡಿ ಸರಿಯಾಗಿ ಬೈದರು. ಇನ್ನು ಡೆವಲಪರ್‌ಗಳು ಹೊರಗೆ ಏನೂ ಬರೆಯಬಾರದು, ಏನಿದ್ದರೂ ಮೊದಲು ತಮಗೆ ಹೇಳಬೇಕು ಅಂತಾರೆ. ಎಂತ ಮಾಡುವುದು?

ಉತ್ತರ (ಕಂಪನಿ ಸೆಕ್ರೆಟರಿ):
ಅವರು ಒಂದೇ ಉಸಿರಿನಲ್ಲಿ ಎರಡು ವಿಷಯ ಕೇಳಿದ್ದಾರೆ. ಬಾಯಿ ಮುಚ್ಚಿ ಅನ್ನುವುದರ ಬಗ್ಗೆ ಕೂತು ಮಾತಾಡಬಹುದು. ನಮಗೆ ಮೊದಲು ಹೇಳಿ ಅನ್ನುವುದಕ್ಕೆ ಮಾತ್ರ ಒಪ್ಪಲೇಬೇಡಿ.

ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಬೋಟು ಮುಟ್ಟುವ ಮೊದಲೇ ಎಷ್ಟು ಮೀನು ಬರ್ತಾ ಇದೆ ಅಂತ ಒಬ್ಬ ವ್ಯಾಪಾರಿಗೆ ಮಾತ್ರ ಗೊತ್ತಾದರೆ ಏಲಂ ಹೇಗಿರುತ್ತದೆ, ಯೋಚಿಸಿ. ಷೇರುಪೇಟೆಯಲ್ಲಿ ಇದಕ್ಕೆಂದೇ ನಿಯಂತ್ರಕ ಸಂಸ್ಥೆ ಸೆಬಿಯ 2015ರ ನಿಯಮ ಇದೆ. ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶ ಬಂದು 48 ಗಂಟೆ ಆಗುವವರೆಗೆ ಒಳಗಿನವರು ತಮ್ಮ ಕಂಪನಿಯ ಷೇರು ಮುಟ್ಟುವಂತಿಲ್ಲ. ಕ್ರಿಪ್ಟೋಗೆ ಅದು ಅನ್ವಯಿಸುವುದಿಲ್ಲ, ನಿಜ. ಆದರೆ ನಿಮ್ಮ ಟೋಕನ್ ಯುರೋಪಿನ ಎಕ್ಸ್‌ಚೇಂಜ್‌ನಲ್ಲಿದ್ದರೆ ಅಲ್ಲಿನ ಮೈಕಾ ಎಂಬ ಕ್ರಿಪ್ಟೋ ಕಾನೂನು ಇದೆ. 2024ರ ಡಿಸೆಂಬರ್ 30ರಿಂದ ಒಳಗಿನ ಮಾಹಿತಿ ಹಿಡಿದು ವ್ಯಾಪಾರ ಮಾಡುವುದು ಅಲ್ಲಿ ನಿಷಿದ್ಧ. ಅಮೆರಿಕದಲ್ಲಿ ಯಾವ ಕಾಯಿನ್ ಲಿಸ್ಟ್ ಆಗಲಿದೆ ಎಂದು ತಮ್ಮನಿಗೂ ಗೆಳೆಯನಿಗೂ ಮೊದಲೇ ತಿಳಿಸಿದ ಕಾಯಿನ್‌ಬೇಸ್ ಎಕ್ಸ್‌ಚೇಂಜ್‌ನ ಮಾಜಿ ಉದ್ಯೋಗಿಗೆ 2023ರಲ್ಲಿ 2 ವರ್ಷ ಜೈಲಾಯಿತು.

ಇನ್ನು ಬಾಯಿ ಮುಚ್ಚುವುದು. ನನ್ನ ಪ್ರಕಾರ ಗುಟ್ಟಾಗಿ ಇಡಬೇಕಾದ್ದು ಒಂದೇ: ಹೊರಗೆ ಗೊತ್ತಾದರೆ ಆ ಕ್ಷಣವೇ ಯಾರಾದರೂ ದುಡ್ಡು ಲಪಟಾಯಿಸಬಹುದಾದ ಬಗ್ (ಕೋಡ್‌ನ ದೋಷ). ಜೀಕ್ಯಾಶ್ ಎಂಬ ಕ್ರಿಪ್ಟೋ ನಾಣ್ಯದಲ್ಲಿ 2018ರ ಮಾರ್ಚ್‌ನಲ್ಲಿ ಅಂಥದ್ದು ಸಿಕ್ಕಿತ್ತು. ಖೋಟಾ ನಾಣ್ಯ ಎಷ್ಟು ಬೇಕಾದರೂ ಹುಟ್ಟಿಸಬಹುದಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಅಕ್ಟೋಬರ್‌ನ ಅಪ್‌ಗ್ರೇಡ್‌ನಲ್ಲಿ ಸದ್ದಿಲ್ಲದೆ ಸರಿ ಮಾಡಿದರು, 2019ರ ಫೆಬ್ರವರಿಯಲ್ಲಿ ಎಲ್ಲವನ್ನೂ ಬಿಚ್ಚಿಟ್ಟರು. ಅದೇ 2018ರ ಸೆಪ್ಟೆಂಬರ್‌ನಲ್ಲಿ ಬಿಟ್‌ಕಾಯಿನ್‌ನಲ್ಲೂ ಹೀಗೇ ಆಯಿತು. ಮೊದಲು "ನೋಡ್ (ನೆಟ್‌ವರ್ಕ್ ನಡೆಸುವ ಕಂಪ್ಯೂಟರ್) ಕ್ರ್ಯಾಶ್ ಆಗುವ ಬಗ್" ಎಂದಷ್ಟೇ ಹೇಳಿ ಅದನ್ನು ಸರಿಪಡಿಸುವ ಪ್ಯಾಚ್ ಬಿಟ್ಟರು. ಇಲ್ಲದ ನಾಣ್ಯ ಸೃಷ್ಟಿಸುವ ದಾರಿಯೂ ಅದರಲ್ಲಿತ್ತು ಎಂಬುದನ್ನು ಎರಡು ದಿನದ ನಂತರ ಹೇಳಿದರು. ಗುಟ್ಟು ಸರಿಯೇ, ಆದರೆ ಅದಕ್ಕೊಂದು ಕೊನೆ ದಿನ ಇರಬೇಕು. ಅಷ್ಟರವರೆಗೆ ವಿಷಯ ಗೊತ್ತಿದ್ದವರು ಒಂದು ಟೋಕನ್ ಕೂಡ ಮಾರಬಾರದು.

ಕೆಲಸ ತಡವಾಗುವುದು ಆ ಜಾತಿಯ ಗುಟ್ಟಲ್ಲ. ಎಥೀರಿಯಂ ಬ್ಲಾಕ್‌ಚೈನ್‌ನ ಮರ್ಜ್ ಎಂಬ ದೊಡ್ಡ ಅಪ್‌ಗ್ರೇಡ್ ನೆನಪಿದೆಯಲ್ವಾ? 2022ರ ಏಪ್ರಿಲ್‌ನಲ್ಲಿ ಅವರ ಡೆವಲಪರ್ ಒಬ್ಬರು "ಜೂನ್‌ನಲ್ಲಿ ಆಗುವುದಿಲ್ಲ" ಎಂದು ಟ್ವಿಟರ್‌ನಲ್ಲಿ ಎಲ್ಲರೆದುರೇ ಬರೆದರು. ಮರ್ಜ್ ಆದದ್ದು ಸೆಪ್ಟೆಂಬರ್ 15ಕ್ಕೆ. ನಿಮ್ಮ ಹುಡುಗನೂ ಬರೆದದ್ದು ಅಷ್ಟೇ, ಅವನನ್ನು ಬೈಯಬೇಡಿ. ಎಡವಟ್ಟಾದದ್ದು ಎಲ್ಲಿ ಅಂದರೆ, ಒಬ್ಬನ ಅಂದಾಜನ್ನು ಜನ ಟೀಮಿನ ತೀರ್ಮಾನ ಅಂದುಕೊಂಡರು. ಅಂದಹಾಗೆ ದೀಪಾವಳಿ ಅಂತ ಮೊದಲು ಮಾತು ಕೊಟ್ಟವರು ಯಾರು? ಮಾರ್ಕೆಟಿಂಗಿನವರೇ ಇರಬೇಕು!

ಪ್ರತಿಕ್ರಿಯೆ (ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ):
ಮಗ ಹೇಳಿದ ಅಂತ ನಾನೂ ಇಂಥದ್ದೊಂದರಲ್ಲಿ ಸ್ವಲ್ಪ ದುಡ್ಡು ಹಾಕಿದ್ದೇನೆ. ಈ ಡಿಸ್ಕಾರ್ಡ್ ಎಲ್ಲ ನನಗೆ ಬರುವುದಿಲ್ಲ ಮಾರಾಯ್ರೆ. ಎಲ್ಲ ಬಹಿರಂಗ ಅಂತೀರಿ. ನನ್ನಂಥವನಿಗೆ ಎಂತ ಗೊತ್ತಾಗುತ್ತದೆ?

ಉತ್ತರ:
ಒಳ್ಳೆ ಪ್ರಶ್ನೆ ಸರ್. ಸಾವಿರ ಮೆಸೇಜಿನ ಅಡಿಯಲ್ಲಿ ಹೂತುಹೋದ ಸುದ್ದಿಯನ್ನು ಬಹಿರಂಗ ಅನ್ನುವುದು ಕಷ್ಟವೇ. ರಾತ್ರಿಯಿಡೀ ಡಿಸ್ಕಾರ್ಡ್‌ನಲ್ಲಿ ಕೂತವನಿಗೂ ನಿಮಗೂ ಒಂದೇ ಹೊತ್ತಿಗೆ ಸುದ್ದಿ ಸಿಗಬೇಕು. ಹಾಗಾಗಿ ಕೊಟ್ಟಾರದವರಿಗೆ ಹೇಳುತ್ತೇನೆ: ಡೆವಲಪರ್‌ಗಳ ಚರ್ಚೆ ಇದ್ದ ಹಾಗೇ ಇರಲಿ. ದಿನಾಂಕ ಬದಲಾಯಿತು, ಒಂದು ಫೀಚರ್ ಕೈಬಿಟ್ಟೆವು ಅಂತ ಟೀಮ್ ತೀರ್ಮಾನ ಮಾಡಿದ ದಿನವೇ ನಿಮ್ಮ ವೆಬ್‌ಸೈಟ್‌ನ ಒಂದೇ ಪುಟದಲ್ಲಿ ಸರಳ ಭಾಷೆಯಲ್ಲಿ ಹಾಕಿ, ಇಮೇಲ್‌ನಲ್ಲೂ ಕಳಿಸಿ. ದೊಡ್ಡವರಿಗೂ ಅದೇ ಇಮೇಲ್ ಸಾಕು.

ಪ್ರಶ್ನೆ ಕೇಳಿದವರು:
ಆ ಹೂಡಿಕೆದಾರರ ಒಪ್ಪಂದದಲ್ಲಿ ಮಾಹಿತಿ ಪಡೆಯುವ ಹಕ್ಕು ಅಂತ ಒಂದು ಕಲಂ ಇದೆ ಮೇಡಂ. ಮತ್ತೆ, ನಮ್ಮ ಹುಡುಗರ ಹತ್ತಿರವೂ ಟೋಕನ್ ಇದೆ.

ಉತ್ತರ:
ಅವರು ದುಡ್ಡು ಹಾಕಿದ್ದು ಕಂಪನಿಯ ಷೇರಿಗಾ, ಟೋಕನ್‌ಗಾ? ಷೇರಿಗಾದರೆ ಆ ಹಕ್ಕು ಸಾಮಾನ್ಯವಾಗಿ ಲೆಕ್ಕಪತ್ರ, ಖರ್ಚು, ಬ್ಯಾಂಕಿನಲ್ಲಿ ಉಳಿದ ಹಣ ಇಂಥದ್ದಕ್ಕೆ ಇರುತ್ತದೆ. ಧಾರಾಳವಾಗಿ ಕೊಡಿ. ಟೋಕನ್ ಬೆಲೆ ಅಲ್ಲಾಡಿಸುವ ಸುದ್ದಿಯನ್ನು ಮೊದಲೇ ಕೊಡಲೇಬೇಕು ಅಂತ ಬರೆದಿದ್ದರೆ, ಅದು ಬಹಿರಂಗವಾಗುವವರೆಗೆ ಅವರು ಮಾರುವಂತಿಲ್ಲ ಎಂದು ಸೇರಿಸಿ ತಿದ್ದಿಸಿ. ಹುಡುಗರಿಗೂ ಅಂಥದ್ದೇ ನಿಯಮ: ಸುದ್ದಿ ಹೊರಬಂದು 48 ಗಂಟೆ ಕಳೆಯುವವರೆಗೆ ಕೊಳ್ಳುವುದೂ ಬೇಡ, ಮಾರುವುದೂ ಬೇಡ. ಬರೆದು ಸಹಿ ಹಾಕಿಸಿ. ಟೀಮಿನ ವಾಲೆಟ್ (ಟೋಕನ್ ಇಡುವ ಖಾತೆ) ವಿಳಾಸಗಳನ್ನು ಪ್ರಕಟಿಸಿದರೆ ಇನ್ನೂ ಒಳ್ಳೆಯದು, ಬ್ಲಾಕ್‌ಚೈನ್‌ನಲ್ಲಿ ಯಾರು ಬೇಕಾದರೂ ನೋಡಿಕೊಳ್ಳಬಹುದು.

ಪ್ರಶ್ನೆ ಕೇಳಿದವರು:
ಈಗ ತೆಗೆದು ನೋಡಿದೆ. ಷೇರೂ ಇದೆ, ಟೋಕನೂ ಇದೆ, ಎರಡಕ್ಕೂ ಒಂದೇ ಕಲಂ. ಬಂಟ್ಸ್ ಹಾಸ್ಟೆಲ್ ಹತ್ತಿರ ಪರಿಚಯದ ವಕೀಲರಿದ್ದಾರೆ, ಸೋಮವಾರ ತೋರಿಸುತ್ತೇನೆ.

ಉತ್ತರ:
ಅದಕ್ಕೆ ಮೊದಲು ದೀಪಾವಳಿಗೆ ಆಗುತ್ತದೋ ಇಲ್ಲವೋ ಎಂಬ ಟೀಮಿನ ತೀರ್ಮಾನವನ್ನು ವೆಬ್‌ಸೈಟ್‌ನ ಪುಟಕ್ಕೆ ಹಾಕಿಬಿಡಿ. ಇನ್ನೂ ಹಾಕಿಲ್ಲ ಅಲ್ವಾ?