ಸಾಗರ ಭದ್ರತೆ: ಅಧೀನದಲ್ಲಿಲ್ಲದವರನ್ನು ಮುನ್ನಡೆಸುವುದು ಹೇಗೆ?

ಪ್ರಶ್ನೆ (ಧಾರವಾಡ): ಸಪ್ತಾಪುರದಲ್ಲಿದ್ದುಕೊಂಡು ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದೇನೆ. 2008ರ ಮುಂಬೈ ದಾಳಿಯ ನಂತರ, 2009ರಲ್ಲಿ ಸಾಗರ ಭದ್ರತೆಯ ಒಟ್ಟಾರೆ ಹೊಣೆಯನ್ನು ನೌಕಾಪಡೆಗೆ ವಹಿಸಲಾಯಿತು. ಆದರೆ ಕರಾವಳಿ ಕಾವಲು ಪೊಲೀಸರು ರಾಜ್ಯ ಸರ್ಕಾರದ ಅಧೀನದಲ್ಲಿದ್ದಾರೆ, ಕಸ್ಟಮ್ಸ್ ಇಲಾಖೆ ಹಣಕಾಸು ಸಚಿವಾಲಯಕ್ಕೆ ಸೇರಿದೆ. ತನ್ನ ಆದೇಶಕ್ಕೆ ಒಳಪಡದ ಇಲಾಖೆಗಳನ್ನು ಒಂದು ಪಡೆ ಮುನ್ನಡೆಸುವುದು ಹೇಗೆ?

ಉತ್ತರ (ಹುಬ್ಬಳ್ಳಿ, ನಿವೃತ್ತ ನೌಕಾ ಸಿಬ್ಬಂದಿ): ತಮ್ಮಾ, ಪ್ರಶ್ನೆಯ ತಿರುಳನ್ನೇ ಹಿಡಿದಿದ್ದೀರಿ. ಇಲ್ಲಿ ನಾಯಕತ್ವ ನಡೆಯುವುದು ಆದೇಶಕ್ಕಿಂತ ಹೆಚ್ಚಾಗಿ ಮಾಹಿತಿಯ ಹಂಚಿಕೆಯಿಂದ. ಮುಂಬೈ, ಕೊಚ್ಚಿ, ವಿಶಾಖಪಟ್ಟಣ ಮತ್ತು ಪೋರ್ಟ್ ಬ್ಲೇರ್‌ಗಳಲ್ಲಿ ಸ್ಥಾಪಿಸಿದ ಜಂಟಿ ಕಾರ್ಯಾಚರಣೆ ಕೇಂದ್ರಗಳು ನೌಕಾಪಡೆ, ಕೋಸ್ಟ್ ಗಾರ್ಡ್ ಹಾಗೂ ಇತರ ಇಲಾಖೆಗಳನ್ನು ಒಂದೇ ಚಿತ್ರಣದ ಮುಂದೆ ಕೂರಿಸುತ್ತವೆ. ‘ಸಾಗರ ಕವಚ’ದಂತಹ ಅಣಕು ಕಾರ್ಯಾಚರಣೆಗಳಲ್ಲಿ ಎದುರು ಇಲಾಖೆಯ ಅಧಿಕಾರಿಯ ಪರಿಚಯವಾಗುತ್ತದೆ. ಸಂಕಟದ ರಾತ್ರಿ ಯಾರಿಗೆ ಕರೆ ಮಾಡಬೇಕೆಂಬುದು ಮೊದಲೇ ಗೊತ್ತಿರುವುದು ನನ್ನ ದೃಷ್ಟಿಯಲ್ಲಿ ಯಾವ ಸುತ್ತೋಲೆಗಿಂತಲೂ ದೊಡ್ಡದು.

ಉತ್ತರ (ಹಾವೇರಿ): ಹಿರಿಯರ ಮಾತಿಗೆ ಒಂದು ಸೇರಿಸುತ್ತೇನೆ. ದಾಳಿಕೋರರು ಬಳಸಿಕೊಂಡದ್ದು ‘ಕುಬೇರ್’ ಎಂಬ ನಮ್ಮದೇ ಮೀನುಗಾರಿಕಾ ದೋಣಿಯನ್ನು. ಆದ್ದರಿಂದ ದೋಣಿಗಳನ್ನು ನೋಂದಾಯಿಸುವ ಮೀನುಗಾರಿಕೆ ಇಲಾಖೆಯನ್ನೂ ಕಡಲಿಗಿಳಿಯುವ ಮೀನುಗಾರರನ್ನೂ ಸಮಾನ ಪಾಲುದಾರರೆಂದು ಕಾಣದ ನಾಯಕತ್ವ ಅಪೂರ್ಣವೇ ಸರಿ. ಸುಮಾರು 320 ಕಿಲೋಮೀಟರ್ ಉದ್ದದ ನಮ್ಮ ರಾಜ್ಯದ ಕರಾವಳಿಯಲ್ಲಿ ಅಪರಿಚಿತ ದೋಣಿ ಮೊದಲು ಕಣ್ಣಿಗೆ ಬೀಳುವುದು ಬಹುಶಃ ಅವರಿಗೇ.

ಉತ್ತರ (ಗದಗ): 2022ರಲ್ಲಿ ರಾಷ್ಟ್ರೀಯ ಸಾಗರ ಭದ್ರತಾ ಸಂಯೋಜಕರನ್ನು ನೇಮಿಸಿರುವುದನ್ನೂ ಉತ್ತರದಲ್ಲಿ ಬರೆಯಿರಿ, ಇಲಾಖೆಗಳ ನಡುವಿನ ಕೊಂಡಿಗೆಂದೇ ಸೃಷ್ಟಿಸಿದ ಹುದ್ದೆಯದು.