ಮರದ ಚಕ್ಕೆ ಹುರಿದರೆ ಅಂಚು ಇದ್ದಿಲು, ನಡುವೆ ಹಸಿ: ಹದ ತಪ್ಪುವುದೆಲ್ಲಿ?

ಪ್ರಶ್ನೆ: ಸರ್, ಸಾಮಿಲ್ಲಿನ ಚಕ್ಕೆ, ಹೊಟ್ಟು ಎರಡನ್ನೂ 200 ಲೀಟರ್ ಡ್ರಮ್ಮಿಗೆ ತುಂಬಿ, ಹೊರಗಿನಿಂದ ಬೆಂಕಿ ಕೊಟ್ಟು ಟಾರಿಫ್ಯಾಕ್ಷನ್ (ಒಳ್ಳೆಯ ಉರುವಲಾಗಲೆಂದು ಮರವನ್ನು ಗಾಳಿ ತಾಗದಂತೆ, ಇದ್ದಿಲಾಗದ ಹಾಗೆ ಹುರಿಯುವುದು) ಮಾಡುತ್ತಿದ್ದೇವೆ. ಡ್ರಮ್ಮಿನ ಗೋಡೆಗೆ ಇಟ್ಟ ಮೀಟರ್ 280 ಡಿಗ್ರಿ ತೋರಿಸುತ್ತದೆ. ಆದರೂ ಅಂಚಿನದು ಇದ್ದಿಲಾಗುತ್ತದೆ, ನಡುವಿನದು ಹಸಿಯಾಗೇ ಇರುತ್ತದೆ. ಚೀಲಕ್ಕೆ ತುಂಬಿಟ್ಟ ಮಾಲು ಮರುದಿನ ಹೊಗೆಯಾಡುತ್ತದೆ. ತಪ್ಪು ಎಲ್ಲಿದೆ?

ಉತ್ತರ: ನೀವು ಅಳೆಯುತ್ತಿರುವುದು ತಗಡಿನ ಬಿಸಿ, ಮರದ್ದಲ್ಲ. ಒಣ ಹೊಟ್ಟು ಶಾಖವನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಗೋಡೆ ಪಕ್ಕ 280 ಇದ್ದಾಗ ನಡುವೆ ಇನ್ನೂ 100ರ ಆಸುಪಾಸಿನಲ್ಲಿ ನೀರು ಆರುತ್ತಿರಬಹುದು. ಕೆ-ಟೈಪ್ ಥರ್ಮೋಕಪಲ್ (ಹೆಚ್ಚು ಬಿಸಿ ಅಳೆಯುವ ತಂತಿ) ಎರಡು ಹಾಕಿ: ಒಂದು ರಾಶಿಯ ನಡುವೆ, ಇನ್ನೊಂದು ಗೋಡೆಯಿಂದ ಎರಡು ಬೆರಳು ಒಳಗೆ.

ಮೊದಲು ಒಣಗಿಸಿ. ಅರ್ಧಕ್ಕರ್ಧ ನೀರಿರುವ 100 ಕಿಲೋ ಹಸಿ ಚಕ್ಕೆಯನ್ನು ಶೇ. 10ಕ್ಕೆ ಇಳಿಸಲು ಸುಮಾರು 44 ಕಿಲೋ ನೀರು ಆವಿಯಾಗಬೇಕು. ಆವಿ ಮಾಡುವುದಕ್ಕೇ 100 ಮೆಗಾಜೌಲ್ ಶಾಖ ಬೇಕು. ಈ ಕೆಲಸವನ್ನು ಡ್ರಮ್ಮಿನೊಳಗೆ ಮಾಡಬೇಡಿ, ಬಿಸಿಲಿಗೋ ಹೊಗೆಕೊಳವೆಯ ಬಿಸಿಗಾಳಿಗೋ ಬಿಡಿ. ಹೊಟ್ಟು, ಚಕ್ಕೆ ಬೆರೆಸಲೂ ಬೇಡಿ. ಚಕ್ಕೆ ಹದಕ್ಕೆ ಬರುವಷ್ಟರಲ್ಲಿ ಹೊಟ್ಟು ಕರಿದಾಗಿರುತ್ತದೆ.

ಆಮೇಲೆ ರಾಶಿಯ ಬಿಸಿ 250ರಿಂದ 270ರೊಳಗೆ, ಅರ್ಧ ಗಂಟೆ. ಇಷ್ಟರಲ್ಲಿ ಮರದ ನಾರನ್ನು ಬೆಸೆಯುವ ಹೆಮಿಸೆಲ್ಯುಲೋಸ್ ಒಡೆಯುತ್ತದೆ, ನಾರಿನ ಮುಖ್ಯ ಅಂಶವಾದ ಸೆಲ್ಯುಲೋಸ್ ಬಹುಪಾಲು ಉಳಿಯುತ್ತದೆ. 280 ದಾಟಿದರೆ ಮರ ತಾನೇ ಶಾಖ ಬಿಡತೊಡಗುತ್ತದೆ, ಉರಿ ತೆಗೆದರೂ ಏರುವುದು ನಿಲ್ಲುವುದಿಲ್ಲ. ಹಾಗಾಗಿ 260ಕ್ಕೇ ಉರಿ ಇಳಿಸಿ. ನಿಂತ ಡ್ರಮ್ಮಿಗಿಂತ ನಿಧಾನ ತಿರುಗುವ, ಕಾಲು ಭಾಗವಷ್ಟೇ ತುಂಬಿದ ಡ್ರಮ್ ಎಷ್ಟೋ ವಾಸಿ.

ಒಂದು ಎಚ್ಚರಿಕೆ: ಗಾಳಿ ಬರಬಾರದೆಂದು ಡ್ರಮ್ಮನ್ನು ಪೂರ್ತಿ ಬಿಗಿಯಬೇಡಿ, ಒತ್ತಡಕ್ಕೆ ಸಿಡಿಯುತ್ತದೆ. ಅನಿಲ ಹೊರಹೋಗಲು ದಪ್ಪ ಪೈಪು ಸದಾ ತೆರೆದಿರಲಿ.

ಮರುಪ್ರಶ್ನೆ: ಆ ಪೈಪೇ ಅಂಟು ಕಟ್ಟಿ ಮುಚ್ಚಿಹೋಗುತ್ತದೆ. ಅನಿಲವನ್ನು ನೀರಿಗೆ ಬಿಟ್ಟರೆ?

ಉತ್ತರ: ಬೇಡ. ಅದರಲ್ಲಿ ನೀರಾವಿಯ ಜೊತೆ ಅಸಿಟಿಕ್ ಆಮ್ಲ, ಮೆಥನಾಲ್, ಕಾರ್ಬನ್ ಮೊನಾಕ್ಸೈಡ್, ಡಾಂಬರಿನಂಥ ಎಣ್ಣೆ ಇವೆ. ನೀರಿಗೆ ಬಿಟ್ಟರೆ ಆ ನೀರೇ ವಿಷ, ಮೊನಾಕ್ಸೈಡ್ ಹೇಗೂ ಗಾಳಿಗೆ ಬರುತ್ತದೆ. ಪೈಪು ತಣ್ಣಗಾದಲ್ಲೇ ಅಂಟು ಕಟ್ಟುವುದು. ಆದ್ದರಿಂದ ಗಿಡ್ಡ ಪೈಪಿಗೆ ರಾಕ್‌ವೂಲ್ (ಶಾಖ ತಡೆಯುವ ಕಲ್ಲಿನ ಉಣ್ಣೆ) ಸುತ್ತಿ, ನೇರ ಕೆಳಗಿನ ಒಲೆಯ ಜ್ವಾಲೆಗೆ ತನ್ನಿ. ಅಲ್ಲಿ ಉರಿದು ನಿಮ್ಮ ಸೌದೆಯನ್ನೂ ಉಳಿಸುತ್ತದೆ.

ಇನ್ನೊಬ್ಬರ ಉತ್ತರ: ಚೀಲ ಹೊಗೆಯಾಡುವುದರ ಬಗ್ಗೆ. ಹೊಸದಾಗಿ ಹುರಿದ ಮರ ಗಾಳಿಯ ಆಮ್ಲಜನಕವನ್ನು ಹೀರಿ ತಾನೇ ಬಿಸಿಯಾಗುತ್ತದೆ. ಮೇಲೆ ಕೈಗೆ ತಣ್ಣಗಿದ್ದರೂ ನಡುವೆ ಕಾವು ಇರುತ್ತದೆ. ಮುಚ್ಚಿದ ಪಾತ್ರೆಯಲ್ಲೇ, ಹೊರಗೋಡೆಗೆ ನೀರು ಹರಿಸಿ, ನಡುವಿನ ಬಿಸಿ 50ಕ್ಕಿಂತ ಕೆಳಗೆ ಬಂದ ಮೇಲೆ ತೆರೆಯಿರಿ. ತೆಳ್ಳಗೆ ಹರಡಿ ಒಂದು ದಿನ ಬಿಟ್ಟು, ಮತ್ತೆ ಬಿಸಿ ನೋಡಿ ಆಮೇಲೆ ತುಂಬಿ. ಪುಡಿ ಮಾಡುವ ಜಾಗದಲ್ಲಿ ಧೂಳು ಏಳಬಾರದು, ಕಿಡಿ ತಾಗಿದರೆ ಸ್ಫೋಟ.

ಮರುಪ್ರಶ್ನೆ: ಹದ ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಪ್ಲೈವುಡ್ ತುಂಡು ಸೇರಿಸಬಹುದೇ?

ಉತ್ತರ: ತಕ್ಕಡಿ ಹೇಳುತ್ತದೆ. 100 ಕಿಲೋ ಒಣ ಮರಕ್ಕೆ 70 ಕಿಲೋ ಆಸುಪಾಸು ಉಳಿದರೆ ಸರಿ. ತೂಕ ಅಷ್ಟು ಇಳಿದರೂ ಶಾಖಶಕ್ತಿಯ ಸುಮಾರು ಶೇ. 90 ಅದರಲ್ಲೇ ಇರುತ್ತದೆ. 30ಕ್ಕೆ ಇಳಿದಿದ್ದರೆ ನೀವು ಮಾಡಿದ್ದು ಇದ್ದಿಲು. ಚಕ್ಕೆ ಮುರಿದು ನೋಡಿ: ಒಳಗೂ ಹೊರಗೂ ಒಂದೇ ಕಡುಕಂದು ಬಣ್ಣ ಇರಬೇಕು, ನಾರು ಎಳೆಯದೆ ಪಟ್ಟನೆ ಮುರಿಯಬೇಕು.

ಪ್ಲೈವುಡ್, ಎಂಡಿಎಫ್ (ಮರದ ನಾರಿಗೆ ಅಂಟು ಬೆರೆಸಿ ಒತ್ತಿದ ಹಲಗೆ), ಬಣ್ಣ ಬಳಿದ ಮರ ಯಾವುದೂ ಬೇಡ. ಗೆದ್ದಲು ತಿನ್ನದಂತೆ ತಾಮ್ರ-ಕ್ರೋಮಿಯಂ-ಆರ್ಸೆನಿಕ್ ಉಣಿಸಿದ ಮರವಂತೂ ಹತ್ತಿರಕ್ಕೂ ಬರಬಾರದು. ಹುರಿದ ಮಾತ್ರಕ್ಕೆ ಆ ಆರ್ಸೆನಿಕ್ ಇಲ್ಲವಾಗುವುದಿಲ್ಲ, ಹೊಗೆಗೋ ಬೂದಿಗೋ ಬಂದೇ ಬರುತ್ತದೆ.