ಕಕ್ಕಡದ ಮಳೆಗೆ ಬಾಳುವ ಅಗ್ಗದ ಮಳೆಮಾಪಕ ಸಾಧ್ಯವೇ?

ಪ್ರಶ್ನೆ (ಕಾಫಿ ಬೆಳೆಗಾರ, ಮಡಿಕೇರಿ ಸಮೀಪ):
ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಅಳೆದು ಪುಸ್ತಕದಲ್ಲಿ ಬರೆದಿಡುವ ರೂಢಿ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಇದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ, ದಿನಕ್ಕೊಮ್ಮೆ ಅಳೆದರೆ ಸಾಲದು, ರಾತ್ರಿ ಯಾವ ಹೊತ್ತಿನಲ್ಲಿ ಎಷ್ಟು ಸುರಿಯಿತೆಂಬುದೂ ತಿಳಿಯಬೇಕು ಎನ್ನಿಸಿತು. ಹಾಗಾಗಿ ಕಳೆದ ವರ್ಷ ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಟಿಪ್ಪಿಂಗ್ ಬಕೆಟ್ ಮಳೆಮಾಪಕವನ್ನು (ತುಂಬಿದಾಗಲೆಲ್ಲ ಮಗುಚುವ ಸಣ್ಣ ಬಕೆಟಿನ ಮಗುಚುಗಳನ್ನು ಎಣಿಸಿ ಅಳೆಯುವಂಥದ್ದು) ಜೋಡಿಸಿ ತೋಟದ ಮೇಲ್ಭಾಗದಲ್ಲಿ ನಿಲ್ಲಿಸಿದೆ. ಜೂನ್ ತಿಂಗಳಿಡೀ ಸರಿಯಾಗಿದ್ದ ಅದು ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆ ಹಿಡಿದ ಮೂರನೆಯ ದಿನ ಬ್ಯಾಟರಿ ಬರಿದಾಗಿ ನಿಂತಿತು. ಅದಕ್ಕೂ ಮೊದಲೇ ಕೈಯಳತೆಗಿಂತ ಕಡಿಮೆ ತೋರಿಸುತ್ತಿತ್ತು. ತಪ್ಪು ಉಪಕರಣದ್ದೋ ನನ್ನದೋ?

ಉತ್ತರ (ಎಲೆಕ್ಟ್ರಾನಿಕ್ಸ್ ಕೆಲಸದವನು, ಮೈಸೂರು):
ಇವು ಎರಡು ಬೇರೆ ಬೇರೆ ತೊಂದರೆಗಳು. ವೈಫೈ ಸದಾ ಚಾಲೂ ಇದ್ದರೆ ಮೋಡ ಕವಿದ ದಿನಗಳಲ್ಲಿ ಸಣ್ಣ ಸೋಲಾರ್ ಪ್ಯಾನೆಲ್ ಎಷ್ಟು ತುಂಬಿಸಿದರೂ ಸಾಲದು. ಬಕೆಟ್ ಮಗುಚಿದಾಗ ಮಾತ್ರ ಎಚ್ಚರಗೊಂಡು ಎಣಿಸಿ, 15 ನಿಮಿಷಕ್ಕೊಮ್ಮೆ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೊ) ಮೂಲಕ ಮನೆಗೆ ಲೆಕ್ಕ ಕಳುಹಿಸುವಂತೆ ಬೋರ್ಡನ್ನು ಹೊಂದಿಸಿ. ಲೋರಾ ಬಳಸುವ 865ರಿಂದ 867 ಮೆಗಾಹರ್ಟ್ಸ್‌ನ ತರಂಗಕ್ಕೆ ನಮ್ಮಲ್ಲಿ ಪರವಾನಗಿ ಬೇಕಿಲ್ಲ. ಇನ್ನು ಅಳತೆಯ ಮಾತು: ಬಿರುಮಳೆಯಲ್ಲಿ ಬಕೆಟ್ ಮಗುಚುವ ಆ ಗಳಿಗೆಯಲ್ಲೂ ನೀರು ಬೀಳುತ್ತಲೇ ಇರುವುದರಿಂದ ಸ್ವಲ್ಪ ಲೆಕ್ಕ ತಪ್ಪುವುದು ಸಹಜ. ಆದರೆ ಮೊದಲು ಆಲಿಕೆ ತೆಗೆದು ಒಳಗೆ ನೋಡಿ. ಆಲಿಕೆಯ ವ್ಯಾಸ 20 ಸೆಂ.ಮೀ., ಒಂದು ಮಗುಚಿಗೆ 0.2 ಮಿ.ಮೀ. ಎಂದಾದರೆ, ಅರ್ಧ ಗಂಟೆಯಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟ 314 ಮಿ.ಲೀ. ನೀರಿಗೆ ಅದು 50 ಸಲ ಮಗುಚಬೇಕು.

ಉತ್ತರ (ನಿವೃತ್ತ ಭೂಗೋಳ ಅಧ್ಯಾಪಕ):
ಹವಾಮಾನ ಇಲಾಖೆಯು ದಿನಕ್ಕೆ 204.4 ಮಿ.ಮೀ. ಮೀರಿದ್ದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ನಿಮ್ಮ ಪುಸ್ತಕದ ಲೆಕ್ಕದಲ್ಲಿ ಅದು ಸುಮಾರು 8 ಇಂಚು 5 ಸೆಂಟು. ಆದರೆ ಎರಡು ವಾರ ನೆನೆದ ಗುಡ್ಡ ಕುಸಿಯಲು ಅಷ್ಟು ಬೇಕಾಗಲಿಕ್ಕಿಲ್ಲ, ಆದ್ದರಿಂದ ಹಿಂದಿನ ದಿನಗಳ ಮೊತ್ತವನ್ನೂ ಕೂಡಿಸಿಕೊಂಡೇ ನೋಡಬೇಕು. ನೆರೆಯ ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಪರಿಸರ ಸಂಶೋಧನಾ ಸಂಸ್ಥೆ ಸುಮಾರು 200 ಕಡೆಗಳಿಂದ ಇಂಥದೇ ಸಾದಾ ಮಾಪಕಗಳ ಅಳತೆ ಸಂಗ್ರಹಿಸುತ್ತದೆ. ನೆರೆಹೊರೆಯ ನಾಲ್ಕು ತೋಟದವರು ಸೇರಿದರೆ ನಿಮ್ಮ ಲೆಕ್ಕಕ್ಕೂ ಹೆಚ್ಚು ಬೆಲೆ ಬರುತ್ತದೆ. ಆದರೂ ಮಾಪಕ ಹೇಳುವುದು ಮಳೆಯನ್ನಷ್ಟೇ, ನೆಲ ಬಿರಿದದ್ದನ್ನಾಗಲಿ ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾದದ್ದನ್ನಾಗಲಿ ಅಲ್ಲ.

ಪ್ರಶ್ನೆ ಕೇಳಿದವರು:
ಆಲಿಕೆ ತೆಗೆದು ನೋಡಿದೆ. ಕಿಂಡಿಗೆ ಅಡ್ಡವಾಗಿ ಸಿಲ್ವರ್ ಓಕ್ ಎಲೆಯ ಚೂರು, ಬಕೆಟಿನ ಕೀಲಿಗೆ ಜೇಡರಬಲೆ. ಹಾಗೆಯೇ ನೀರು ಬಿಟ್ಟಾಗ 43 ಸಲ ಮಗುಚಿತು, ಒರೆಸಿದ ಮೇಲೆ 49. ಕೈಯಳತೆಯ ಡಬ್ಬಿಯನ್ನು ಅದರ ಪಕ್ಕದಲ್ಲೇ ಇಟ್ಟಿದ್ದೇನೆ.